ದೊಡ್ಡ ಹಾರ್ಡ್ ಡಿಸ್ಕ್ ಕೊಳ್ಳುವವರಿಗೆ: ಬಾಗಲಕೋಟೆಯ ಸ್ಟುಡಿಯೊದಿಂದ ಒಂದು ಸಮಗ್ರ ಮಾರ್ಗದರ್ಶಿ

"ಅಣ್ಣಾರ, ಹಾರ್ಡ್ ಡಿಸ್ಕ್ ಯಾವ ಕಂಪನಿದು ಚಲೋ ಐತ್ರಿ?"

ನವನಗರದಲ್ಲಿರುವ ನನ್ನ ಸಣ್ಣ ಸ್ಟುಡಿಯೊಗೆ ಬರುವವರಲ್ಲಿ ವಾರಕ್ಕೆ ಒಬ್ಬರಾದರೂ ಇದನ್ನು ಕೇಳುತ್ತಾರೆ. ಮೊದಲೆಲ್ಲ ಥಟ್ಟನೆ ಒಂದು ಹೆಸರು ಹೇಳಿಬಿಡುತ್ತಿದ್ದೆ. ಈಗ ಹೇಳೋದಿಲ್ಲ. "ಅದರಾಗ ಏನು ತುಂಬ್ತೀರಿ? ಎಲ್ಲಿ ಇಡ್ತೀರಿ? ಎರಡನೇದು ಯಾವಾಗ ತಗೋತೀರಿ?" ಅಂತ ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಮೂರನೆಯ ಪ್ರಶ್ನೆಗೆ ಎಲ್ಲರ ಮುಖವೂ ಸಪ್ಪಗಾಗುತ್ತದೆ.

ನನ್ನ ಹೊಟ್ಟೆಪಾಡು ಮದುವೆ ವಿಡಿಯೊ. ಜೊತೆಗೆ ಹಳೇ ವಿಎಚ್‌ಎಸ್ ಕ್ಯಾಸೆಟ್, ಹಳೇ ಫೋಟೊಗಳನ್ನು ಕಂಪ್ಯೂಟರಿಗೆ ಹಾಕಿಕೊಡುತ್ತೇನೆ. ಈ ಕೆಲಸ ನಮ್ಮೂರಲ್ಲಿ ಸ್ವಲ್ಪ ಭಾರದ್ದು. ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಆಲಮಟ್ಟಿ ಹಿನ್ನೀರಿಗೆ ಹೋದವು. ಮದುಮಕ್ಕಳ ಹಿಂದೆ ಕಾಣುವ ಕಟ್ಟೆ, ಪಡಸಾಲೆ ಈಗ ಆ ಕ್ಯಾಸೆಟ್ಟಿನಲ್ಲಿ ಮಾತ್ರ ಉಳಿದಿವೆ. ಇನ್ನು ಖುಷಿಗೆ ಅಂತ ಊರೂರು ತಿರುಗಿ ಶ್ರೀಕೃಷ್ಣ ಪಾರಿಜಾತದ ಆಟಗಳನ್ನು ಶೂಟ್ ಮಾಡುತ್ತೇನೆ.

ಒಂದು ಮೇ ತಿಂಗಳಲ್ಲಿ ಅಂಥದೊಂದು ಇಡೀ ರಾತ್ರಿಯ ಆಟ ನನ್ನ ಕೈಬಿಟ್ಟು ಹೋಯಿತು. ಡಿಸ್ಕ್ ಮೊದಲು ನಿಧಾನವಾಯಿತು. ಬಿಸಿಲಿಗಿರಬೇಕು ಅಂತ ಸುಮ್ನೆ ಬಿಟ್ಟೆ. ಆಮೇಲೆ ಟಕ್ ಟಕ್ ಅಂತ ಸದ್ದು ಮಾಡಿತು. ಮೂರನೇ ದಿನ ಕಂಪ್ಯೂಟರಿಗೆ ಅದು ಕಾಣಿಸಲೇ ಇಲ್ಲ. ಎರಡನೇ ಪ್ರತಿ ಇರಲಿಲ್ಲ. ಮರುವರ್ಷ ಅದೇ ಮೇಳದ ಆಟಕ್ಕೆ ಹೋದೆ, ಆದರೆ ಭಾಗವತರು ಆ ಪದಗಳನ್ನು ಹಾಗೆ ಹಾಡಲಿಲ್ಲ.

ಕೆಡದ ಡಿಸ್ಕ್ ಯಾವ ಅಂಗಡಿಯಲ್ಲೂ ಸಿಗೋದಿಲ್ಲ. ಕೆಲಸಕ್ಕೆ ತಕ್ಕ ಮಾಡೆಲ್ ಆರಿಸಬೇಕು, ತಂದ ಮೇಲೆ ಅದನ್ನು ಚೆನ್ನಾಗಿ ದುಡಿಸಿ ನೋಡಬೇಕು, ಇನ್ನೊಂದು ಪ್ರತಿ ಇಡಬೇಕು. ಆಗ ಅದು ನಂಬುವಂಥ ಡಿಸ್ಕ್ ಆಗುತ್ತದೆ. ಇವನ್ನೆಲ್ಲ ನಾನು ಹೇಗೆ ಮಾಡುತ್ತೇನೆ ಅಂತ ಒಂದೊಂದಾಗಿ ಹೇಳುತ್ತೇನೆ.

ಹೆಜ್ಜೆ 1: ಎಷ್ಟು ಟಿಬಿ ಬೇಕು ಅಂತ ಲೆಕ್ಕ ಹಾಕಿ

"ದೊಡ್ಡದೇ ಇರಲಿ" ಅನ್ನೋದು ಲೆಕ್ಕ ಅಲ್ಲ. ಪೆನ್ನು ಹಿಡಿದು ಕೂತರೆ ಹತ್ತು ನಿಮಿಷದ ಕೆಲಸ.

ಕ್ಯಾಮೆರಾದಲ್ಲಿ 4ಕೆ ವಿಡಿಯೊ ಸೆಕೆಂಡಿಗೆ 100 ಮೆಗಾಬಿಟ್ ಅಂತ ಸೆಟ್ ಆಗಿದ್ದರೆ ಗಂಟೆಗೆ 45 ಜಿಬಿ ಆಗುತ್ತದೆ. ಪಾರಿಜಾತ ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ಆರಕ್ಕೆ ಮುಗಿಯಿತು ಅನ್ನಿ. ಎಂಟು ಗಂಟೆ, ಎರಡು ಕ್ಯಾಮೆರಾ: 720 ಜಿಬಿ. ಒಂದು ಮದುವೆಗೆ ಎರಡು ಕ್ಯಾಮೆರಾ ತಲಾ ಆರು ಗಂಟೆ ಓಡಿದರೆ 540 ಜಿಬಿ. ಅದರ ಮೇಲೆ ತಲಾ 30 ಎಂಬಿಯ 2000 ರಾ ಫೋಟೊ (ಕ್ಯಾಮೆರಾದ ಮೂಲ ಫೈಲು) ಸೇರಿಸಿ, ಅದು 60 ಜಿಬಿ. ಒಟ್ಟು 600 ಜಿಬಿ. ವರ್ಷಕ್ಕೆ 20 ಮದುವೆ ಹಿಡಿದರೂ 12 ಟಿಬಿ! ಹಳೇ ಕ್ಯಾಸೆಟ್ಟು ಇದಕ್ಕೆ ಹೋಲಿಸಿದರೆ ಪಾಪದ್ದು. ಡಿವಿ ಫಾರ್ಮ್ಯಾಟಿನಲ್ಲಿ ಗಂಟೆಗೆ ಸುಮಾರು 13 ಜಿಬಿ ಅಷ್ಟೇ.

ಅಂಗಡಿಯ ಸಿಸಿ ಕ್ಯಾಮೆರಾಕ್ಕೂ ಇದೇ ಲೆಕ್ಕ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಬರೆದರೆ ದಿನಕ್ಕೆ 21.6 ಜಿಬಿ. ನಾಲ್ಕು ಕ್ಯಾಮೆರಾದ ಒಂದು ತಿಂಗಳ ರೆಕಾರ್ಡಿಂಗ್ ಬೇಕು ಅಂದರೆ 2.6 ಟಿಬಿ. ಕಿರಾಣಿ ಅಂಗಡಿಯವರಿಗೆ 4 ಟಿಬಿ ಸಾಕು. 10 ಟಿಬಿ ಹಾಕಿಸಿ ಅಂತ ಯಾರಾದರೂ ಅಂದರೆ ಯಾಕೆ ಅಂತ ಕೇಳಿ. ಹಳೇ ಡಿವಿಆರ್‌ಗಳು (ಸಿಸಿ ಕ್ಯಾಮೆರಾದ ರೆಕಾರ್ಡಿಂಗ್ ಡಬ್ಬಗಳು) ಅಷ್ಟು ದೊಡ್ಡ ಡಿಸ್ಕನ್ನು ಹಿಡಿಯದೇ ಇರಬಹುದು. ಡಿವಿಆರ್‌ನ ಪುಸ್ತಕದಲ್ಲಿ ಗರಿಷ್ಠ ಎಷ್ಟು ಟಿಬಿ ಅಂತ ಬರೆದಿರುತ್ತದೆ, ಮೊದಲು ಅದನ್ನು ನೋಡಿ.

ಬಂದ ಉತ್ತರಕ್ಕೆ ಕಾಲು ಭಾಗ ಸೇರಿಸಿ. ಕಂಠದವರೆಗೆ ತುಂಬಿದ ಡಿಸ್ಕ್ ಎಳೆದಾಡುತ್ತದೆ. ಇನ್ನೊಂದು ಮಾತು. 4 ಟಿಬಿ ಡಿಸ್ಕ್ ಹಾಕಿದರೆ ವಿಂಡೋಸ್ 3.63 ಅಂತ ತೋರಿಸುತ್ತದೆ. ಯಾರೂ ಮೋಸ ಮಾಡಿಲ್ಲ. ಕಂಪನಿಯವರು ಸಾವಿರದಿಂದ ಎಣಿಸುತ್ತಾರೆ, ವಿಂಡೋಸ್ 1024ರಿಂದ ಎಣಿಸುತ್ತದೆ. ಇದಕ್ಕೋಸ್ಕರ ಅಂಗಡಿಯವನ ಜೊತೆ ಜಗಳಕ್ಕೆ ನಿಂತವರನ್ನು ನೋಡಿದ್ದೇನೆ.

ಒಂದೇ 16 ಟಿಬಿ ತಗೊಳ್ಳೋದಾ, ಎರಡು 8 ಟಿಬಿ ತಗೊಳ್ಳೋದಾ? ಎರಡು 8 ಅನ್ನುತ್ತೇನೆ. 16 ಟಿಬಿ ಒಂದೇ ಇದ್ದು ಅದು ಕೆಟ್ಟರೆ ಎಲ್ಲವೂ ಒಟ್ಟಿಗೆ ಹೋಗುತ್ತದೆ. ಅಂಗಡಿಯಲ್ಲಿ ಬೆಲೆಯನ್ನು ಟಿಬಿಯಿಂದ ಭಾಗಿಸಿ ನೋಡಿ. ತೀರಾ ಸಣ್ಣದು, ತೀರಾ ದೊಡ್ಡದು ಎರಡೂ ದುಬಾರಿ ಬೀಳುತ್ತವೆ. ನಡುವಿನದ್ದೇ ಲಾಭ.

ಹೆಜ್ಜೆ 2: ಅದು ಎಲ್ಲಿ ಕೂರುತ್ತದೆ, ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ

ಇದೊಂದು ತಪ್ಪಿದರೆ ಮುಂದಿನದೆಲ್ಲ ದಂಡ.

ಜೇಬಿಗೆ ಹಾಕುವ 2.5 ಇಂಚಿನ ಪೋರ್ಟಬಲ್ ಡಿಸ್ಕ್ ಇರೋದು ಒಯ್ಯೋದಕ್ಕೆ. ಯುಎಸ್‌ಬಿಯಿಂದಲೇ ಕರೆಂಟ್ ತಗೊಳ್ಳುತ್ತದೆ. ಅದನ್ನು ದಿನವಿಡೀ ಎಡಿಟಿಂಗ್‌ಗೆ ಹಚ್ಚಬೇಡಿ. ಎಷ್ಟೋ ಪೋರ್ಟಬಲ್ ಮಾಡೆಲ್‌ಗಳಲ್ಲಿ ಯುಎಸ್‌ಬಿ ಕನೆಕ್ಟರ್ ಡಿಸ್ಕಿನ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಕನೆಕ್ಟರ್ ಸಡಿಲಾದರೆ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ನೋಡುವ ದಾರಿಯೂ ಇರೋದಿಲ್ಲ.

3.5 ಇಂಚಿನ ಡೆಸ್ಕ್‌ಟಾಪ್ ಡಿಸ್ಕಿಗೆ 12 ವೋಲ್ಟ್ ಬೇಕು. ಕಂಪ್ಯೂಟರ್ ಡಬ್ಬದೊಳಗೆ ಹಾಕಬಹುದು, ಇಲ್ಲ ಅಡಾಪ್ಟರ್ ಇರುವ ಹೊರಗಿನ ಡಬ್ಬದಲ್ಲಿ ಹಾಕಬಹುದು. ಚಾಲು ಆಗುವ ಕ್ಷಣದಲ್ಲಿ ಅದು 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಅಗ್ಗದ ಅಡಾಪ್ಟರ್ ಅಲ್ಲೇ ಕೈಕೊಡುತ್ತದೆ. ಬೈಗುಳ ಮಾತ್ರ ಡಿಸ್ಕಿಗೆ.

ಸಿಸಿ ಕ್ಯಾಮೆರಾದ ಡಿಸ್ಕ್ ಬೇರೆಯೇ ಜಾತಿ. ವೆಸ್ಟರ್ನ್ ಡಿಜಿಟಲ್‌ನ ಪರ್ಪಲ್, ಸೀಗೇಟ್‌ನ ಸ್ಕೈಹಾಕ್ ಇದಕ್ಕಾಗಿಯೇ ಇವೆ. ಹಗಲೂ ರಾತ್ರಿ ಬರೆಯುತ್ತಲೇ ಇರೋದು ಅವುಗಳ ಕೆಲಸ. ಡಿವಿಆರ್‌ಗೆ ಮಾಮೂಲಿ ಡೆಸ್ಕ್‌ಟಾಪ್ ಡಿಸ್ಕ್ ಹಾಕಿ ದುಡ್ಡು ಉಳಿಸುವವರು ಉಂಟು. ಸೀಗೇಟ್‌ನ ಬ್ಯಾರಾಕುಡಾದಂಥ ಡೆಸ್ಕ್‌ಟಾಪ್ ಡಿಸ್ಕನ್ನು ವರ್ಷಕ್ಕೆ 2400 ಗಂಟೆ ಓಡೋದಕ್ಕೆ ಅಂತ ಮಾಡಿರುತ್ತಾರೆ. ಡಿವಿಆರ್ ವರ್ಷಕ್ಕೆ 8760 ಗಂಟೆ ಓಡುತ್ತದೆ. ನಾಲ್ಕು ವರ್ಷದ ದುಡಿಮೆಯನ್ನು ಒಂದೇ ವರ್ಷದಲ್ಲಿ ಮಾಡಿಸಿದ ಹಾಗೆ, ಅಲ್ವಾ?

ಮನೆ, ಆಫೀಸಿನ ನೆಟ್‌ವರ್ಕಿಗೆ ಸೇರಿಸುವ ನ್ಯಾಸ್ ಡಬ್ಬಕ್ಕೆ ಸೀಗೇಟ್‌ನ ಐರನ್‌ವುಲ್ಫ್, ವೆಸ್ಟರ್ನ್ ಡಿಜಿಟಲ್‌ನ ರೆಡ್ ಪ್ಲಸ್, ತೋಷಿಬಾದ ಎನ್300 ಇವೆ. ಇವಕ್ಕಿಂತ ಮೇಲೆ ದೊಡ್ಡ ಡೇಟಾ ಸೆಂಟರ್‌ಗಳ ಡಿಸ್ಕ್: ಸೀಗೇಟ್‌ನ ಎಕ್ಸೋಸ್, ವೆಸ್ಟರ್ನ್ ಡಿಜಿಟಲ್‌ನ ಅಲ್ಟ್ರಾಸ್ಟಾರ್, ಗೋಲ್ಡ್. ಗಟ್ಟಿ ಮಾಲು. ಆದರೆ ಓದುವಾಗ ಬರೆಯುವಾಗ ಗರಗರ ಅನ್ನುತ್ತವೆ. ಮಲಗುವ ಕೋಣೆಯಲ್ಲಿ ಕಂಪ್ಯೂಟರ್ ಇರುವವರು ಯೋಚಿಸಿ.

ನನ್ನ ಸ್ಟುಡಿಯೊದಲ್ಲಿ ನಡೆಯುತ್ತಿರುವ ಎಡಿಟಿಂಗ್ ಎಸ್‌ಎಸ್‌ಡಿಯಲ್ಲಿ, ಅಂದರೆ ತಿರುಗುವ ತಟ್ಟೆ ಇಲ್ಲದ ವೇಗದ ಡಿಸ್ಕಿನಲ್ಲಿ. ಮುಗಿದ ಕೆಲಸ ನ್ಯಾಸ್ ಜಾತಿಯ 3.5 ಇಂಚಿನ ಡಿಸ್ಕಿನಲ್ಲಿ. ಗಿರಾಕಿಗೆ ಕೊಡುವುದು ಪೋರ್ಟಬಲ್ ಡಿಸ್ಕ್ ಅಥವಾ ಪೆನ್ ಡ್ರೈವಿನಲ್ಲಿ.

ಹೆಜ್ಜೆ 3: ಸಿಎಂಆರ್ ಹೌದೋ ಅಲ್ಲವೋ ನೋಡಿ

ಡಬ್ಬದ ಮೇಲೆ ಸಾಮಾನ್ಯವಾಗಿ ಬರೆಯದ, ಅಂಗಡಿಯವರೂ ಬಾಯಿಬಿಡದ ವಿಷಯ ಇದು. ಆದ್ದರಿಂದ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಡಿಸ್ಕಿನೊಳಗೆ ತಿರುಗುವ ತಟ್ಟೆಗಳಿವೆ. ಅವುಗಳ ಮೇಲೆ ಉಂಗುರ ಉಂಗುರವಾಗಿ ಡೇಟಾ ಬರೆಯುತ್ತಾರೆ. ಹಳೇ ಪದ್ಧತಿಯಲ್ಲಿ ಪ್ರತಿ ಉಂಗುರ ಬಿಡಿಬಿಡಿ. ಇದು ಸಿಎಂಆರ್. ಅದೇ ಜಾಗದಲ್ಲಿ ಜಾಸ್ತಿ ತುಂಬಬೇಕು ಅಂತ ಉಂಗುರಗಳನ್ನು ಒಂದರ ಮೇಲೊಂದು ಸ್ವಲ್ಪ ಹಾಯುವಂತೆ ಬರೆಯೋದು ಎಸ್‌ಎಂಆರ್.

ಇಳಕಲ್ ಸೀರೆಯ ನೆರಿಗೆ ನೆನಪಿಸಿಕೊಳ್ಳಿ. ನೆರಿಗೆಗಳೂ ಒಂದರ ಮೇಲೊಂದು ಕೂರುತ್ತವೆ, ಹಾಗಾಗಿ ಕಡಿಮೆ ಜಾಗ ಸಾಕು. ಆದರೆ ನಡುವಿನ ಒಂದು ನೆರಿಗೆ ಸೊಟ್ಟ ಆಗಿದೆ ಅಂದರೆ? ಅದರ ಮುಂದಿನವನ್ನೆಲ್ಲ ಬಿಚ್ಚಿ ಮತ್ತೆ ಹಿಡಿಯಬೇಕು. ಎಸ್‌ಎಂಆರ್ ಡಿಸ್ಕ್ ಮಾಡೋದೂ ಅದನ್ನೇ. ಮಧ್ಯದ ಒಂದು ಉಂಗುರ ತಿದ್ದಬೇಕಾದರೆ ಆ ಪಟ್ಟಿಯಲ್ಲಿ ಪಕ್ಕದವನ್ನೂ ಓದಿ ಮತ್ತೆ ಬರೆಯುತ್ತದೆ. ಇದು ಹೊರಗೆ ಗೊತ್ತಾಗದಿರಲಿ ಅಂತ ಡಿಸ್ಕಿನಲ್ಲಿ ಒಂದಷ್ಟು ಜಾಗವನ್ನು ತಾತ್ಕಾಲಿಕವಾಗಿ ಬರೆದಿಡೋದಕ್ಕೆ ಬಿಟ್ಟಿರುತ್ತಾರೆ. ಆ ಜಾಗ ಖಾಲಿ ಇರುವವರೆಗೆ ವೇಗ ಚೆನ್ನಾಗಿರುತ್ತದೆ. ಮದುವೆಯ ಮರುದಿನ 600 ಜಿಬಿ ಒಂದೇ ಉಸಿರಿಗೆ ಸುರಿದಾಗ ಅದು ತುಂಬಿಬಿಡುತ್ತದೆ. ಆಮೇಲೆ ವೇಗ ಪಾತಾಳಕ್ಕೆ.

ಎಸ್‌ಎಂಆರ್ ಕೆಟ್ಟ ಮಾಲು ಅಂತ ಅಲ್ಲ. ಒಂದು ಸಲ ತುಂಬಿ ಬೀರುವಿನಲ್ಲಿ ಇಡೋದಕ್ಕೆ ನಡೆಯುತ್ತದೆ. 1 ಟಿಬಿಗಿಂತ ದೊಡ್ಡ 2.5 ಇಂಚಿನ ಪೋರ್ಟಬಲ್‌ಗಳು ಬಹುಪಾಲು ಇದೇ. ಆದರೆ ನ್ಯಾಸ್‌ನಲ್ಲಿ ರೇಡ್ ಮಾಡಿದರೆ, ಅಂದರೆ ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ ಹಲವು ಡಿಸ್ಕ್ ಜೋಡಿಸಿದರೆ ತೊಂದರೆ. ಕೆಟ್ಟ ಡಿಸ್ಕಿನ ಬದಲು ಹೊಸದನ್ನು ಹಾಕಿ ಮತ್ತೆ ಕಟ್ಟಬೇಕಾದರೆ ಸಿಕ್ಕಾಪಟ್ಟೆ ಹೊತ್ತು ಹಿಡಿಯುತ್ತದೆ. ನಡುವೆ ಡಿಸ್ಕ್ ಉತ್ತರ ಕೊಡದೇ ನಿಂತರೆ ಅದೂ ಕೆಟ್ಟಿದೆ ಅಂತ ನ್ಯಾಸ್ ಹೊರಗೆ ತಳ್ಳುವುದೂ ಉಂಟು.

2020ರಲ್ಲಿ ಇದರ ಮೇಲೆ ದೊಡ್ಡ ಗಲಾಟೆಯೇ ಆಯಿತು. ನ್ಯಾಸ್‌ಗೆ ಅಂತ ಮಾರುತ್ತಿದ್ದ ರೆಡ್ ಡಿಸ್ಕ್‌ಗಳಲ್ಲಿ 2ರಿಂದ 6 ಟಿಬಿಯವು ಕೆಲವು ಎಸ್‌ಎಂಆರ್ ಅಂತ ಕೊಂಡವರು ಕಂಡುಹಿಡಿದರು. ವೆಸ್ಟರ್ನ್ ಡಿಜಿಟಲ್ ಏಪ್ರಿಲ್‌ನಲ್ಲಿ ಒಪ್ಪಿಕೊಂಡಿತು. ಆಮೇಲೆ ಸಿಎಂಆರ್ ಇರುವವಕ್ಕೆ ರೆಡ್ ಪ್ಲಸ್ ಅಂತ ಬೇರೆ ಹೆಸರಿಟ್ಟರು. ಹಾಗಾಗಿ ಅಂಗಡಿಯಲ್ಲಿ ಬರೀ "ರೆಡ್" ಕೊಟ್ಟರೆ ತಗೊಳ್ಳಬೇಡಿ, "ಪ್ಲಸ್" ಇದೆಯಾ ನೋಡಿ. ಐರನ್‌ವುಲ್ಫ್ ಎಲ್ಲವೂ ಸಿಎಂಆರ್. ಬ್ಯಾರಾಕುಡಾದಲ್ಲಿ ಎಸ್‌ಟಿ4000ಡಿಎಂ004 ಮತ್ತು ಎಸ್‌ಟಿ8000ಡಿಎಂ004 ಎರಡೂ ಎಸ್‌ಎಂಆರ್. ನಮ್ಮ ಕಡೆಯ ಅಂಗಡಿಗಳಲ್ಲಿ "4 ಟಿಬಿ ಕೊಡ್ರಿ" ಅಂದರೆ ಬಹಳ ಸಲ ಕೈಗೆ ಬರೋದು ಮೊದಲಿನದೇ. ಮೂರೂ ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ಯಾವುದು ಏನು ಅಂತ ಹಾಕಿವೆ. ದುಡ್ಡು ಕೊಡುವ ಮುಂಚೆ ಪೂರ್ತಿ ಮಾಡೆಲ್ ನಂಬರ್ ಹಾಕಿ ಹುಡುಕಿ.

ಹೆಜ್ಜೆ 4: ಡೇಟಾ ಶೀಟ್ ಓದಿ, ಹೆದರಬೇಡಿ

ಪ್ರತಿ ಮಾಡೆಲ್ಲಿಗೂ ಎರಡು ಪುಟದ ಡೇಟಾ ಶೀಟ್ ಸಿಗುತ್ತದೆ. ನಾನು ನೋಡೋದು ನಾಲ್ಕೇ ಸಾಲು.

ಒಂದು, ವರ್ಷಕ್ಕೆ ಎಷ್ಟು ಟಿಬಿ ಓದಿ ಬರೆಯಬಹುದು. ಡೆಸ್ಕ್‌ಟಾಪ್ ಡಿಸ್ಕಿಗೆ 55 ಟಿಬಿ, ನ್ಯಾಸ್ ಡಿಸ್ಕಿಗೆ 180, ಡೇಟಾ ಸೆಂಟರ್ ಡಿಸ್ಕಿಗೆ 550 ಅನ್ನೋದು ಸಾಮಾನ್ಯ. ಎರಡು, ವರ್ಷಕ್ಕೆ ಎಷ್ಟು ಗಂಟೆ. ಮೂರು, ವಾರಂಟಿ. ಬ್ಯಾರಾಕುಡಾ, ವೆಸ್ಟರ್ನ್ ಡಿಜಿಟಲ್‌ನ ಬ್ಲೂ ಇವಕ್ಕೆ 2 ವರ್ಷ. ಐರನ್‌ವುಲ್ಫ್, ರೆಡ್ ಪ್ಲಸ್, ಪರ್ಪಲ್, ಸ್ಕೈಹಾಕ್ ಇವಕ್ಕೆ 3. ಐರನ್‌ವುಲ್ಫ್ ಪ್ರೊ, ರೆಡ್ ಪ್ರೊ, ಎಕ್ಸೋಸ್, ಗೋಲ್ಡ್ ಇವಕ್ಕೆ 5. ಕಂಪನಿಗೆ ತನ್ನ ಮಾಲಿನ ಮೇಲೆ ಎಷ್ಟು ಧೈರ್ಯ ಇದೆ ಅಂತ ಈ ಒಂದು ಸಾಲು ಹೇಳಿಬಿಡುತ್ತದೆ. ಜಾಹೀರಾತಿಗಿಂತ ನಾನು ಇದನ್ನೇ ನಂಬುತ್ತೇನೆ.

ನಾಲ್ಕನೆಯದು ಎಂಟಿಬಿಎಫ್, ಅಂದರೆ ಸರಾಸರಿ ಎಷ್ಟು ಗಂಟೆ ಓಡಿದರೆ ಒಂದು ಕೆಡುತ್ತದೆ ಅನ್ನೋ ಲೆಕ್ಕ. 10 ಲಕ್ಷ ಗಂಟೆ ಅಂತ ಇರುತ್ತದೆ. ಲೆಕ್ಕ ಹಾಕಿದರೆ 114 ವರ್ಷ. ನಿಮ್ಮ ಡಿಸ್ಕ್ ಮೊಮ್ಮಕ್ಕಳ ಕಾಲದವರೆಗೆ ಬಾಳುತ್ತದೆ ಅಂತಲ್ಲ. ಸಾವಿರ ಡಿಸ್ಕ್ ಒಟ್ಟಿಗೆ ಓಡಿಸಿದರೆ ವರ್ಷಕ್ಕೆ ಒಂಬತ್ತರ ಹತ್ತಿರ ಕೆಡುತ್ತವೆ ಅಂತ. 25 ಲಕ್ಷ ಗಂಟೆ ಅಂತ ಇದ್ದರೆ ಮೂರೋ ನಾಲ್ಕೋ. ಆ ಮೂರರಲ್ಲಿ ನಿಮ್ಮದೂ ಒಂದಿರಬಹುದು.

8 ಟಿಬಿ ದಾಟಿದರೆ ಎಷ್ಟೋ ಮಾಡೆಲ್‌ಗಳೊಳಗೆ ಗಾಳಿಯ ಬದಲು ಹೀಲಿಯಂ ತುಂಬಿರುತ್ತಾರೆ. ಆಗ ಇದ್ದ ಎಚ್‌ಜಿಎಸ್‌ಟಿ ಅನ್ನೋ ಡಿಸ್ಕ್ ಕಂಪನಿ 2013ರಲ್ಲಿ 7 ತಟ್ಟೆಯ 6 ಟಿಬಿ ಡಿಸ್ಕಿನಿಂದ ಇದನ್ನು ಶುರು ಮಾಡಿತು. ಹೀಲಿಯಂ ಗಾಳಿಗಿಂತ ಹಗುರ, ತಟ್ಟೆಗಳಿಗೆ ತಡೆ ಕಡಿಮೆ, ಬಿಸಿಯೂ ಕಡಿಮೆ. ನಮ್ಮ ಬಿಸಿಲಿಗೆ ಒಳ್ಳೇದೇ.

ಹೆಜ್ಜೆ 5: ಈಗ ಕಂಪನಿಯ ಪ್ರಶ್ನೆ

ಹಾರ್ಡ್ ಡಿಸ್ಕ್ ಮಾಡುವವರು ಈಗ ಜಗತ್ತಿನಲ್ಲಿ ಮೂರೇ ಜನ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಬೇರೆ ಹೆಸರಿನ ಪೋರ್ಟಬಲ್ ಕೊಂಡರೂ ಒಳಗೆ ಇವರದೇ ಡಿಸ್ಕ್ ಇರುತ್ತದೆ.

ಅಮೆರಿಕದ ಬ್ಯಾಕ್‌ಬ್ಲೇಜ್ ಅನ್ನೋ ಬ್ಯಾಕಪ್ ಕಂಪನಿ ತನ್ನ ಲಕ್ಷಗಟ್ಟಲೆ ಡಿಸ್ಕ್‌ಗಳಲ್ಲಿ ಯಾವುದು ಎಷ್ಟು ಕೆಟ್ಟಿತು ಅಂತ 2013ರಿಂದ ಲೆಕ್ಕ ಇಟ್ಟು ಎಲ್ಲರಿಗೂ ಬಿಟ್ಟುಕೊಡುತ್ತಿದೆ. 2024ರಲ್ಲಿ ಅವರಲ್ಲಿ ಕೆಟ್ಟದ್ದು ಶೇ 1.57. ನೂರರಲ್ಲಿ ಒಂದೋ ಎರಡೋ. ಅವರ ಪಟ್ಟಿ ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ವ್ಯತ್ಯಾಸ ಇರೋದು ಕಂಪನಿಗಳ ನಡುವೆ ಅಷ್ಟಾಗಿ ಅಲ್ಲ, ಮಾಡೆಲ್‌ಗಳ ನಡುವೆ. ಸೀಗೇಟ್‌ನ ಒಂದು 3 ಟಿಬಿ ಮಾಡೆಲ್, ಎಸ್‌ಟಿ3000ಡಿಎಂ001, ಅವರಲ್ಲಿ ತೀರಾ ಜಾಸ್ತಿ ಕೆಟ್ಟಿತು. ಅದೇ ಕಂಪನಿಯ 4 ಟಿಬಿ ಡಿಸ್ಕ್‌ಗಳು ಅದೇ ಕಡೆ ಸಾವಿರಗಟ್ಟಲೆ ಸಂಖ್ಯೆಯಲ್ಲಿ ವರ್ಷಗಟ್ಟಲೆ ಓಡಿದವು. "ನಮ್ಮ ಕಾಕಾಂದು ಆ ಕಂಪನಿದು ಕೆಟ್ಟಿತ್ರಿ" ಅನ್ನೋದು ಒಂದೇ ಡಿಸ್ಕಿನ ಕತೆ. ನೀವು ತಗೊಳ್ಳುವ ಮಾಡೆಲ್ ಆ ಪಟ್ಟಿಯಲ್ಲಿ ಇದ್ದರೆ ನೋಡಿ, ಇಲ್ಲದಿದ್ದರೆ ವಾರಂಟಿ ನೋಡಿ ಮುಂದೆ ಹೋಗಿ.

ಹೆಜ್ಜೆ 6: ಅಂಗಡಿಯಲ್ಲಿ

ಬಾಗಲಕೋಟೆಯಲ್ಲಿ ಡೆಸ್ಕ್‌ಟಾಪ್ ಡಿಸ್ಕ್, ಸಿಸಿ ಕ್ಯಾಮೆರಾ ಡಿಸ್ಕ್ ಕೇಳಿದ ತಕ್ಷಣ ಸಿಗುತ್ತವೆ. ನ್ಯಾಸ್ ಡಿಸ್ಕ್ ಬೇಕೆಂದರೆ ಬೆಳಗಾವಿ, ಹುಬ್ಬಳ್ಳಿಯ ಡೀಲರ್‌ಗಳಿಂದ ತರಿಸಿಕೊಡುತ್ತಾರೆ. ಬಸ್ಸಿನ ಪಾರ್ಸೆಲ್‌ನಲ್ಲಿ ಬರುವುದಾದರೆ ಪ್ಯಾಕಿಂಗ್ ಬಗ್ಗೆ ಮೊದಲೇ ಹೇಳಿ. ಸ್ಟ್ಯಾಟಿಕ್ ತಡೆಯುವ ಚೀಲ, ಸುತ್ತ ಎರಡು ಬೆರಳು ದಪ್ಪ ಫೋಮ್, ಗಟ್ಟಿ ಡಬ್ಬ. ಬರೀ ಪೇಪರ್ ಸುತ್ತಿ ಬಂದದ್ದನ್ನು ನಾನು ತೆರೆಯದೆ ವಾಪಸ್ ಕಳಿಸಿದ್ದೇನೆ. ಆಗುವುದಾದರೆ ನಾನೇ ಹೋಗಿ ತೊಡೆಯ ಮೇಲೆ ಇಟ್ಟುಕೊಂಡು ತರುತ್ತೇನೆ.

ಕೈಗೆ ಬಂದ ಕೂಡಲೇ ಚೀಲದ ಮೇಲಿಂದಲೇ ಲೇಬಲ್ ಓದಿ. ಮಾಡೆಲ್ ನಂಬರ್, ಸೀರಿಯಲ್ ನಂಬರ್, ತಯಾರಾದ ತಾರೀಕು. ಕಂಪನಿಯ ವೆಬ್‌ಸೈಟಿನ ವಾರಂಟಿ ಪುಟಕ್ಕೆ ಸೀರಿಯಲ್ ನಂಬರ್ ಹಾಕಿ. ಅಲ್ಲೇ ಕೌಂಟರಿನಲ್ಲಿ ನಿಂತು ಫೋನಿನಲ್ಲೇ ಹಾಕಿ, ಮುಜುಗರ ಬೇಡ. ಎಲ್ಲಿಯವರೆಗೆ ವಾರಂಟಿ ಇದೆ ಅಂತ ತೋರಿಸುತ್ತದೆ. ಬೇರೆ ದೇಶಕ್ಕೆ ಅಂತ ಹೋದ ಮಾಲು ಇಲ್ಲಿ ಬಂದಿದ್ದರೆ, ಇಲ್ಲ ಯಾವುದೋ ಕಂಪ್ಯೂಟರ್ ಕಂಪನಿಗೆ ಸಗಟಾಗಿ ಮಾರಿದ್ದಾದರೆ "ನಿಮಗೆ ನೇರ ವಾರಂಟಿ ಇಲ್ಲ" ಅನ್ನುತ್ತದೆ. ಬೆಲೆ ಎಷ್ಟೇ ಕಡಿಮೆ ಇರಲಿ, ಅದು ಬೇಡ.

ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ನಾನು ಇನ್ನೂ ಒಂದು ಮಾತು ಕೇಳುತ್ತೇನೆ. "ಎಂಟು ದಿನದಾಗ ಏನರ ಆದ್ರ ಬದಲ ಮಾಡಿ ಕೊಡ್ತೀರೇನ್ರಿ ಮಾಲಕರ? ಹಂಗಾರ ಬಿಲ್ಲಿನ ಮ್ಯಾಲೆ ಬರೀರಿ." ಖಾಯಂ ಗಿರಾಕಿ ಅಂದರೆ ಬರೆದುಕೊಡುತ್ತಾರೆ. ಈ ಎಂಟು ದಿನ ಯಾಕೆ ಬೇಕು ಅಂತ ಮುಂದಿನ ಹೆಜ್ಜೆಯಲ್ಲಿ ಗೊತ್ತಾಗುತ್ತದೆ.

ಆನ್‌ಲೈನಿನಲ್ಲಿ ಎರಡು ಗುಂಡಿಗಳಿವೆ. ಒಂದು, ಎರಡು ಸಾವಿರಕ್ಕೆ 16 ಟಿಬಿ ಅನ್ನೋ ಜೇಬಿನ ಡಿಸ್ಕ್. ಬಿಚ್ಚಿದರೆ ಒಳಗೆ ಒಂದು ಮೆಮೊರಿ ಕಾರ್ಡ್ ಇರುತ್ತದೆ, ತೂಕಕ್ಕೆ ಇನ್ನೇನೋ ಅಂಟಿಸಿರುತ್ತಾರೆ. ಇನ್ನೊಂದು ಇದಕ್ಕಿಂತ ಜಾಣತನದ್ದು: ಓಡಿದ ಡಿಸ್ಕನ್ನು ಹೊಸದು ಅಂತ ಮಾರೋದು. ನಾನೂ ಬಿದ್ದಿದ್ದೇನೆ. ಹೊಸ ಡಬ್ಬ, ಹೊಸ ಚೀಲ, ಒಳಗಿನ ಡಿಸ್ಕ್ ಮಾತ್ರ ಆಗಲೇ 26,000 ಗಂಟೆ ಓಡಿತ್ತು. ನನ್ನ ಪುಣ್ಯ, ಆ ಮಾರಾಟಗಾರನಿಗೆ ಗಂಟೆ ಅಳಿಸುವ ವಿದ್ಯೆ ಗೊತ್ತಿರಲಿಲ್ಲ. ಗೊತ್ತಿರುವವರೂ ಇದ್ದಾರೆ. 2025ರ ಶುರುವಿನಲ್ಲಿ ಹೊಸದು ಅಂತ ಮಾರಿದ ಎಷ್ಟೋ ಎಕ್ಸೋಸ್ ಡಿಸ್ಕ್‌ಗಳು ಹಳೆಯವು, ಗಂಟೆಯ ಲೆಕ್ಕ ಸೊನ್ನೆ ಮಾಡಿದವು ಅಂತ ಜರ್ಮನಿಯಲ್ಲಿ ಬಯಲಾಯಿತು. ಸೀಗೇಟ್ ಡಿಸ್ಕಿನೊಳಗೆ ಓಡಿದ ಗಂಟೆ ಬರೆದಿಡುವ ಫಾರ್ಮ್ ಅನ್ನೋ ಇನ್ನೊಂದು ದಾಖಲೆ ಇರುತ್ತದೆ. ಕಳ್ಳತನ ಸಿಕ್ಕಿದ್ದು ಅದರಿಂದ. ಸ್ಮಾರ್ಟ್‌ಮಾನ್‌ಟೂಲ್ಸ್ ಅನ್ನೋ ಉಚಿತ ಸಾಫ್ಟ್‌ವೇರ್ ಅದನ್ನು ಓದುತ್ತದೆ. ಎರಡು ಲೆಕ್ಕವೂ ತಾಳೆಯಾಗಬೇಕು.

ಹೆಜ್ಜೆ 7: ಎರಡು ದಿನ ದುಡಿಸಿ ನೋಡಿ

ಸಂತೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ಎಣಿಸಿ ಸುಮ್ಮನಾಗೋದಿಲ್ಲ, ನಡೆಸಿ ನೋಡುತ್ತಾರೆ. ಡಿಸ್ಕಿಗೂ ಅದೇ. ಈ ಹೆಜ್ಜೆ ಮುಗಿಯುವವರೆಗೆ ಅದರಲ್ಲಿ ಒಂದೇ ಒಂದು ಫೋಟೊವನ್ನೂ ಹಾಕಬೇಡಿ.

ಮೊದಲು ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನೋ ಸಾಫ್ಟ್‌ವೇರ್ ಹಾಕಿಕೊಳ್ಳಿ. ಉಚಿತ. ಓಡಿದ ಗಂಟೆ, ಚಾಲು ಮಾಡಿದ ಸಲ ಎರಡೂ ಮೇಲ್ಗಡೆಯೇ ಕಾಣುತ್ತವೆ. ಹೊಸ ಡಿಸ್ಕಿನಲ್ಲಿ ಎರಡೂ ಸೊನ್ನೆಯ ಹತ್ತಿರ ಇರಬೇಕು. ಕೆಳಗಿನ ಪಟ್ಟಿಯ ಸಂಖ್ಯೆಗಳು ಹದಿನಾರರ ಲೆಕ್ಕದಲ್ಲಿ ಇರುತ್ತವೆ. ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್ ಒಳಗೆ ರಾ ವ್ಯಾಲ್ಯೂಸ್ ಅನ್ನೋ ಕಡೆ ಹತ್ತರ ಲೆಕ್ಕಕ್ಕೆ ಬದಲಿಸಿ, ಇಲ್ಲದಿದ್ದರೆ ಏನೂ ತಿಳಿಯೋದಿಲ್ಲ.

ಆ ಪಟ್ಟಿಯಲ್ಲಿ 05, ಸಿ5, ಸಿ6 ಅನ್ನೋ ಮೂರು ಸಾಲು ಮುಖ್ಯ. 05 ಅಂದರೆ ಕೆಟ್ಟ ಜಾಗ ಬಿಟ್ಟು ಬೇರೆ ಜಾಗ ಕೊಟ್ಟದ್ದು ಎಷ್ಟು ಸಲ. ಸಿ5 ಅಂದರೆ ಓದಲು ಬಾರದೆ ತೀರ್ಮಾನಕ್ಕೆ ಕಾಯುತ್ತಿರುವ ಜಾಗಗಳು. ಸಿ6 ಅಂದರೆ ಸರಿಪಡಿಸಲು ಆಗದವು. ಹೊಸ ಡಿಸ್ಕಿನಲ್ಲಿ ಮೂರೂ ಸೊನ್ನೆ ಇರಬೇಕು. ಸೀಗೇಟ್ ಡಿಸ್ಕಿನಲ್ಲಿ 01, 07 ಸಾಲುಗಳಲ್ಲಿ ಕೋಟಿಗಟ್ಟಲೆ ಸಂಖ್ಯೆ ಕಂಡು ಗಾಬರಿಯಾಗಬೇಡಿ. ಅವರು ಬರೆಯುವ ರೀತಿಯೇ ಹಾಗೆ. ಸಿ7 ಏರುತ್ತಿದ್ದರೆ ಬಹಳ ಸಲ ತಪ್ಪು ಕೇಬಲ್ಲಿನದು. ಕೇಬಲ್ ಬದಲಿಸಿ ನೋಡಿ. ಈ ಪುಟದ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ.

ಆಮೇಲೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ. ವಿಂಡೋಸ್ ಎಂಬಿಆರ್ ಬೇಕಾ ಜಿಪಿಟಿ ಬೇಕಾ ಅಂತ ಕೇಳಿದರೆ ಜಿಪಿಟಿ ಅನ್ನಿ. ಎಂಬಿಆರ್‌ಗೆ 2 ಟಿಬಿ ಆಚೆ ಕಣ್ಣು ಕಾಣೋದಿಲ್ಲ. ವಿಂಡೋಸ್‌ನಲ್ಲಷ್ಟೇ ಬಳಸುವುದಾದರೆ ಎನ್‌ಟಿಎಫ್‌ಎಸ್, ಮ್ಯಾಕ್‌ಗೂ ಹಾಕಬೇಕಿದ್ದರೆ ಎಕ್ಸ್‌ಫ್ಯಾಟ್.

ಈಗ ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಸಾಫ್ಟ್‌ವೇರ್ ಓಡಿಸಿ. ಇದು ಡಿಸ್ಕಿನ ಖಾಲಿ ಜಾಗವನ್ನೆಲ್ಲ ಕೊನೆಯವರೆಗೆ ತುಂಬುತ್ತದೆ. ಆಮೇಲೆ ಬರೆದದ್ದೇ ಇದೆಯಾ ಅಂತ ಓದಿ ನೋಡುತ್ತದೆ. ಮೆಮೊರಿ ಕಾರ್ಡ್ ಇಟ್ಟ ನಕಲಿ ಡಿಸ್ಕ್ ಇಲ್ಲೇ ಸಿಕ್ಕಿಬೀಳುತ್ತದೆ. 8 ಟಿಬಿ ಡಿಸ್ಕ್ ಸೆಕೆಂಡಿಗೆ 180 ಎಂಬಿ ವೇಗದಲ್ಲಿ ಬರೆದರೂ 12 ಗಂಟೆ ಮೇಲೆ ಹಿಡಿಯುತ್ತದೆ. ಓದೋದಕ್ಕೆ ಇನ್ನಷ್ಟೇ. ರಾತ್ರಿ ಹಚ್ಚಿ ಮಲಗಿ. ಕರೆಂಟ್ ಹೋಗುವ ದಿನ ಇದನ್ನು ಇಟ್ಟುಕೊಳ್ಳಬೇಡಿ. ಒಂದು ಸಲ ಹದಿನೆಂಟನೇ ಗಂಟೆಗೆ ಕರೆಂಟ್ ಹೋಗಿ ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ.

ಮುಗಿದ ಮೇಲೆ ಮತ್ತೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ತೆರೆದು ಹಳೇ ಸ್ಕ್ರೀನ್‌ಶಾಟ್ ಪಕ್ಕ ಇಟ್ಟು ನೋಡಿ. ಆ ಮೂರು ಸಾಲಿನಲ್ಲಿ ಒಂದಾದರೂ ಸೊನ್ನೆ ಬಿಟ್ಟು ಮೇಲೆದ್ದಿದ್ದರೆ ಎರಡನೇ ಮಾತಿಲ್ಲ, ಬಿಲ್ ಹಿಡಿದು ಅಂಗಡಿಗೆ ಹೋಗಿ. "ಒಂದೆರಡು ಬ್ಯಾಡ್ ಸೆಕ್ಟರ್ ನಡೀತಾವ್ರಿ" ಅಂತಾರೆ. ಹಳೇ ಡಿಸ್ಕಿನಲ್ಲಿ ನಡೆಯಬಹುದು, ಎರಡು ದಿನದ ಕೂಸಿನಲ್ಲಿ ನಡೆಯೋದಿಲ್ಲ.

ಹೆಜ್ಜೆ 8: ಬಿಸಿಲು, ದೂಳು, ಕರೆಂಟ್

ಏಪ್ರಿಲ್, ಮೇನಲ್ಲಿ ನಮ್ಮ ಬಾಗಲಕೋಟೆ, ವಿಜಯಪುರದಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ತಗಡಿನ ಕೆಳಗಿನ, ಆರ್‌ಸಿಸಿ ಕೆಳಗಿನ ಕೋಣೆಯೂ ಕಡಿಮೆ ಏನಲ್ಲ. ಡಬ್ಬದೊಳಗಿನ ಡಿಸ್ಕ್ ಕೋಣೆಗಿಂತ ಹತ್ತು ಹದಿನೈದು ಡಿಗ್ರಿ ಮೇಲೆಯೇ ಇರುತ್ತದೆ. ಡೆಸ್ಕ್‌ಟಾಪ್ ಡಿಸ್ಕಿಗೆ ಮಿತಿ ಸಾಮಾನ್ಯವಾಗಿ 60 ಡಿಗ್ರಿ. ಮೇ ತಿಂಗಳ ಮಧ್ಯಾಹ್ನ ಆ ಗೆರೆಯ ಪಕ್ಕಕ್ಕೇ ಬಂದಿರುತ್ತೀರಿ. ನನ್ನ ಕಳೆದುಹೋದ ಡಿಸ್ಕ್ ಇದ್ದದ್ದು ಕಂಪ್ಯೂಟರ್ ಡಬ್ಬದ ನೆತ್ತಿಯ ಮೇಲೆ, ಬಿಸಿಗಾಳಿ ಹೊರಬರುವ ಕಡೆ.

45 ದಾಟಿದರೆ ಏನಾದರೂ ಮಾಡಿ ಅನ್ನೋದು ನನ್ನ ಲೆಕ್ಕ. ಡಿಸ್ಕಿನ ಮುಂದೆ ಒಂದು 120 ಎಂಎಂ ಫ್ಯಾನ್ ಹಾಕಿಸಿ. ಎರಡು ಡಿಸ್ಕ್ ಇದ್ದರೆ ನಡುವೆ ಒಂದು ಜಾಗ ಖಾಲಿ ಬಿಡಿ. ದೊಡ್ಡ ಕಾಪಿ ಕೆಲಸವನ್ನು ರಾತ್ರಿಗೆ ಇಟ್ಟುಕೊಳ್ಳಿ.

ದೂಳು ಡಿಸ್ಕಿನ ಒಳಗೆ ಹೋಗೋದಿಲ್ಲ, ಫಿಲ್ಟರ್ ಇದೆ. ಹೀಲಿಯಂ ಡಿಸ್ಕ್ ಅಂತೂ ಪೂರ್ತಿ ಬೆಸುಗೆ. ಆದರೆ ಎರೆ ಮಣ್ಣಿನ ದೂಳು ಫ್ಯಾನಿಗೆ ಮೆತ್ತಿ ಗಾಳಿ ನಿಲ್ಲಿಸುತ್ತದೆ. ತಿಂಗಳಿಗೊಮ್ಮೆ ಊದಿ. ಗಾಳಿ ತುಂಬಿದ ಡಿಸ್ಕ್‌ಗಳ ಮೈಮೇಲೆ ಒಂದು ಸಣ್ಣ ತೂತು ಇರುತ್ತದೆ. ಅದರ ಮೇಲೆ ನಿಮ್ಮ ಸ್ಟಿಕ್ಕರ್ ಅಂಟಿಸಬೇಡಿ.

ಕರೆಂಟಿಗೆ ಯುಪಿಎಸ್ ಇರಲೇಬೇಕು. ಮನೆಯ ಇನ್ವರ್ಟರ್ ಇದೆ ಅನ್ನುವವರು ಅದರ ಹಿಂದಿನ ಸ್ವಿಚ್ ಯುಪಿಎಸ್ ಕಡೆಗೆ ಇದೆಯಾ ನೋಡಿ. ಬೇರೆ ಕಡೆ ಇದ್ದರೆ ಕರೆಂಟ್ ಹೋದಾಗ ಕಂಪ್ಯೂಟರ್ ಒಮ್ಮೆ ಸತ್ತು ಎದ್ದೇಳುತ್ತದೆ. ಬರೆಯುತ್ತಿದ್ದ ಫೈಲ್ ಅಲ್ಲೇ ಹಾಳು. ಓಡುತ್ತಿರುವ ಪೋರ್ಟಬಲ್ ಡಿಸ್ಕನ್ನು ಎತ್ತಬೇಡಿ, ತಿರುಗಿಸಬೇಡಿ. ಓದಿ ಬರೆಯುವ ಹೆಡ್ ತಟ್ಟೆಯ ಮೇಲೆ ಕೂದಲೆಳೆಗಿಂತ ಸಾವಿರಾರು ಪಟ್ಟು ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ.

ಹೆಜ್ಜೆ 9: ಎರಡನೇ ಪ್ರತಿ, ಆಮೇಲೆ ಕಾವಲು

2007ರಲ್ಲಿ ಗೂಗಲ್‌ನವರು ತಮ್ಮ ಒಂದು ಲಕ್ಷಕ್ಕೂ ಮೇಲ್ಪಟ್ಟ ಡಿಸ್ಕ್‌ಗಳನ್ನು ಅಭ್ಯಾಸ ಮಾಡಿ ಒಂದು ವರದಿ ಹೊರತಂದರು. ಕೆಟ್ಟ ಡಿಸ್ಕ್‌ಗಳಲ್ಲಿ ಶೇ 36ರಷ್ಟು ಯಾವ ಮುನ್ಸೂಚನೆಯನ್ನೂ ಕೊಟ್ಟಿರಲಿಲ್ಲ. ನಾನು ಮೇಲೆ ಹೇಳಿದ 05, ಸಿ5 ಎಲ್ಲ ಸೊನ್ನೆಯೇ ಇದ್ದು ಬೆಳಿಗ್ಗೆ ಎದ್ದರೆ ಡಿಸ್ಕ್ ಹೋಗಿರಬಹುದು. ಅದಕ್ಕೇ ಎರಡನೇ ಪ್ರತಿ.

ನಾನು 8 ಟಿಬಿ ಎರಡು ತಗೊಂಡೆ. ಬೇರೆ ಬೇರೆ ತಿಂಗಳಲ್ಲಿ, ಬೇರೆ ಬೇರೆ ಕಂಪನಿಯದು. ಒಂದೇ ಪೆಟ್ಟಿಗೆಯಿಂದ ಬಂದ ಎರಡು ಡಿಸ್ಕ್ ಒಂದೇ ದೋಷ ಹೊತ್ತು ಬಂದಿರಬಹುದು. ಒಂದು ಸ್ಟುಡಿಯೊದಲ್ಲಿ ಓಡುತ್ತದೆ. ಇನ್ನೊಂದು ಮುಧೋಳದಲ್ಲಿರುವ ತಮ್ಮನ ಮನೆಯ ಕಬ್ಬಿಣದ ಬೀರುವಿನಲ್ಲಿ, ಫೋಮ್ ಡಬ್ಬದಲ್ಲಿ. ತಿಂಗಳಿಗೊಮ್ಮೆ ಊರಿಗೆ ಹೋದಾಗ ಅದನ್ನು ತಂದು ಹೊಸದನ್ನು ಸೇರಿಸಿ ವಾಪಸ್ ಇಡುತ್ತೇನೆ. ಪಾರಿಜಾತ ಮತ್ತು ಹಳೇ ಕ್ಯಾಸೆಟ್ಟಿನ ಫೈಲುಗಳು ಮೂರನೇ ಕಡೆಯೂ, ಅಂದರೆ ಕ್ಲೌಡ್‌ನಲ್ಲೂ ಇವೆ. ಮದುವೆಯ ರಾ ಫೈಲುಗಳನ್ನು ಅಷ್ಟು ಮುದ್ದು ಮಾಡೋದಿಲ್ಲ. ಆಲ್ಬಮ್ ಕೊಟ್ಟು ಆರು ತಿಂಗಳಾದ ಮೇಲೆ ಗಿರಾಕಿಗೆ ಫೋನ್ ಮಾಡಿ ಹೇಳಿ ಅಳಿಸುತ್ತೇನೆ. ರೇಡ್ ಇದೆ, ಬ್ಯಾಕಪ್ ಯಾಕೆ ಅನ್ನುವವರಿಗೆ ಒಂದು ಮಾತು. ತಪ್ಪಾಗಿ ಡಿಲೀಟ್ ಒತ್ತಿದರೆ ರೇಡ್ ಎರಡೂ ಡಿಸ್ಕಿನಿಂದ ಒಟ್ಟಿಗೆ ಅಳಿಸುತ್ತದೆ.

ತಿಂಗಳ ಮೊದಲ ಭಾನುವಾರ ಆ ಮೂರು ಸಾಲು ನೋಡಿ. ಸಿ5 ಏರಿದರೆ ಮೊದಲು ಮಾಡಬೇಕಾದ್ದು ಕಾಪಿ. ಟೆಸ್ಟ್ ಅಲ್ಲ, ಫಾರ್ಮ್ಯಾಟ್ ಅಲ್ಲ, ರಿಪೇರಿ ಸಾಫ್ಟ್‌ವೇರ್ ಅಲ್ಲ. ತುಂಬಾ ಮುಖ್ಯವಾದ ಫೋಲ್ಡರ್ ಮೊದಲು, ಉಳಿದದ್ದು ಆಮೇಲೆ. ಟಕ್ ಟಕ್ ಸದ್ದು ಬಂದರೆ ಕರೆಂಟ್ ತೆಗೆದು ಸುಮ್ಮನಿರಿ. ಪ್ರತಿ ಸಲ ಚಾಲು ಮಾಡಿದಾಗಲೂ ಹೆಡ್ ತಟ್ಟೆಯನ್ನು ಗೀರಬಹುದು. ಫ್ರಿಜ್ಜಿನಲ್ಲಿ ಇಡಿ, ತಲೆಗೆ ಮೊಟಕಿ ಅನ್ನುವ ಸಲಹೆಗಾರರು ಪ್ರತಿ ಓಣಿಯಲ್ಲೂ ಇದ್ದಾರೆ. ಕೇಳಬೇಡಿ. ಅದರಲ್ಲಿ ಇದ್ದದ್ದು ಬೇಕೇ ಬೇಕು ಅಂದರೆ ಡೇಟಾ ರಿಕವರಿ ಲ್ಯಾಬ್ ಇರುವ ದೊಡ್ಡ ಊರಿಗೆ ಒಯ್ಯಬೇಕು. ಬಹಳ ಸಲ ಅದರ ಬಿಲ್ ಹೊಸ ಡಿಸ್ಕಿಗಿಂತ ಜಾಸ್ತಿ ಆಗುತ್ತದೆ.

ವಾರಂಟಿಗೆ ಕಳಿಸುವುದಾದರೆ ಒಂದು ಗೊತ್ತಿರಲಿ. ನಿಮ್ಮ ಡೇಟಾ ವಾಪಸ್ ಬರೋದಿಲ್ಲ, ಡಿಸ್ಕ್ ಮಾತ್ರ ಬರುತ್ತದೆ. ಅದೂ ಬಹಳ ಸಲ ರಿಪೇರಿ ಮಾಡಿದ ಬೇರೆ ಡಿಸ್ಕ್. ಲೇಬಲ್ಲಿನ ಮೇಲೆ ಹಾಗಂತ ಬರೆದೂ ಇರುತ್ತಾರೆ. ಅದನ್ನು ನೇರವಾಗಿ ಕೆಲಸಕ್ಕೆ ಹಚ್ಚಬೇಡಿ. ಮತ್ತೆ ಕ್ರಿಸ್ಟಲ್ ಡಿಸ್ಕ್ ಇನ್ಫೋ, ಮತ್ತೆ ಎಚ್2ಟೆಸ್ಟ್‌ಡಬ್ಲ್ಯೂ, ಮತ್ತೆ ಎರಡು ದಿನ. ಪಾಸಾದರೆ ಮೇಲೆ ಮಾರ್ಕರಿನಲ್ಲಿ ತಾರೀಕು ಬರೆದು ಎರಡನೇ ಪ್ರತಿಗೆ ಇಟ್ಟುಕೊಳ್ಳಿ.